ಗುಡ್ಡಪ್ಪನ ಮರೆವು

ಆಪರೇಷನ್‌ಗೆ ಮೊದಲು ಡಾಕ್ಟರ್ ಲತಾಮಣಿ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟವಳು ನಾನೇ, ಮನೆಯ ಸೊಸೆ ಕುಸುಮ. ನಮ್ಮ ಮಾವ ಲಕ್ಕಯ್ಯನವರಿಗೆ ಎಪ್ಪತ್ತಾರು. ಕೂಟಗಲ್ಲು ಬೆಟ್ಟದ ಬಂಡೆಯ ಮೇಲೆ ಕುರಿಯ ಹಿಂದೆ ಓಡಿ, ಬಿದ್ದು, ಸೊಂಟದ ಮೂಳೆ ಮುರಿದುಕೊಂಡಿದ್ದರು. ಕುಡಿತ ಇದೆಯಾ? ಇಲ್ಲ. ನಿದ್ದೆ ಮಾತ್ರೆ? ಇಲ್ಲ. ಕಿವಿ? ಮಂದ, ಮಿಷಿನ್ ಹಾಕುತ್ತಾರೆ. ಮರೆವು? ಒಂದು ಗಳಿಗೆ ತಡೆದು ಅದಕ್ಕೂ ಇಲ್ಲ ಎಂದೆ.

ಬೇಕೆಂದು ಹೇಳಿದ ಸುಳ್ಳಲ್ಲ ಅದು. ಮಾವ ನಮ್ಮ ಬೀರೇದೇವರ ಗುಡ್ಡಪ್ಪ. ಸೋಮವಾರ ಗುಡಿಯ ಮುಂದೆ ಕೂತರೆ ದೇವರು ಅವರ ಮೈಮೇಲೆ ಬರುತ್ತದೆ, ಜನ ಅಪ್ಪಣೆ ಕೇಳುತ್ತಾರೆ. ಒಂದು ವರ್ಷದಿಂದ ಅವರು ಸೋಮವಾರವಲ್ಲದ ದಿನವೂ ಏನೇನೋ ಆಡುತ್ತಿದ್ದರು. ಎಂದೋ ಮಾರಿದ ಟಗರನ್ನು ಯಾಕೆ ಕಟ್ಟಿಲ್ಲ ಎಂದು ಗದರುವರು. ನನ್ನನ್ನೇ “ಯಾರವ್ವ ನೀನು?” ಎಂದಾಗ ನಾನು ಸೌಟು ಕೆಳಗಿಟ್ಟು ಕೈಮುಗಿದಿದ್ದೇನೆ. ದೇವರು ಇನ್ನಷ್ಟು ಹತ್ತಿರ ಬಂದಿದೆ ಎಂದು ಮನೆಮಂದಿಯೆಲ್ಲ ಹಿಗ್ಗಿದೆವು. ಬಿ.ಎ. ಓದಿದ ನಾನೂ ಹಿಗ್ಗಿದೆ, ಅದನ್ನು ನೆನೆದರೆ ಈಗ ಮೈಯೆಲ್ಲ ಉರಿಯುತ್ತದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಮಾರನೆಯ ಬೆಳಿಗ್ಗೆ ಮಾವ ಗ್ಲೂಕೋಸಿನ ಸೂಜಿ ಕಿತ್ತು ಎಸೆದರು. ಗೋಡೆಯ ಮೇಲೆ ಚಿರತೆ ಹತ್ತುತ್ತಿದೆ ಎಂದರು. “ಹೊರಡ್ರೋ, ಹಟ್ಟಿಗೆ ಹೊರಡ್ರೋ! ಇಲ್ಲಿರ್ಬ್ಯಾಡಿ!” ಎಂದು ವಾರ್ಡೆಲ್ಲ ಎದ್ದು ಕೂರುವಂತೆ ಕೂಗಿದರು.

ಅವರ ತಮ್ಮ ಮುತ್ತುರಾಜು ಅಲ್ಲೇ ಚಪ್ಪಲಿ ಬಿಟ್ಟು ಕೈಮುಗಿದರು. ಸುದ್ದಿ ಮುಟ್ಟಿದ್ದೇ ಊರಿನಿಂದ ಒಂದು ಟೆಂಪೋ ಜನ ಬಂದಿಳಿದರು. ಒಬ್ಬ ಬೋರ್‌ವೆಲ್ ಎಲ್ಲಿ ಕೊರೆಸಲಿ ಎಂದು ಕೇಳಿದ. ಪಕ್ಕದ ಮಂಚದ ರೋಗಿಯ ಹೆಂಡತಿ, ನಮಗೆ ಗುರುತೇ ಇಲ್ಲದವಳು, ಮಗಳ ಮದುವೆ ಯಾವಾಗ ಆಗುತ್ತದೆ ಎಂದು ವಿಚಾರಿಸಿದಳು. ನರ್ಸ್ ಬಂದು ಎಲ್ಲರನ್ನೂ ಹೊರಗಟ್ಟುವ ಹೊತ್ತಿಗೆ ಮುತ್ತುರಾಜು ತೀರ್ಮಾನ ಮಾಡಿಯಾಗಿತ್ತು.

“ದೇವ್ರ ಅಪ್ಪಣೆ ಆಗೈತೆ. ಇವತ್ತೇ ಹಟ್ಟಿಗೆ ಕರ್ಕೊಂಡೋಗನ. ಕುಸುಮ, ಡಿಸ್ಚಾರ್ಜ್ ಬರ್ಸೋಗವ್ವ.”

ನಾನು ಹೋದೆ. ಡಿಸ್ಚಾರ್ಜ್ ಬರೆಸಲಿಲ್ಲ, ಒಂದು ವರ್ಷದ ಸಂಗತಿಯನ್ನೆಲ್ಲ ಡಾಕ್ಟರ ಮುಂದೆ ಸುರಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು.

“ಇದು ಮೊದಲೇ ಗೊತ್ತಿದ್ರೆ ನಾವು ಇನ್ನೂ ಹುಷಾರಾಗಿರ್ತಿದ್ವಿ. ವಯಸ್ಸಾದವರಿಗೆ ದೊಡ್ಡ ಆಪರೇಷನ್ ಆದ್ಮೇಲೆ ಹೀಗೆ ಬುದ್ಧಿ ಗೊಂದಲ ಆಗಬಹುದು. ಮೊದಲೇ ಮರೆವು ಇದ್ದವರಿಗೆ ಅದರ ಭಯ ಜಾಸ್ತಿ. ಕಿವಿ ಕೇಳಿಸದಿದ್ರೆ, ನಿದ್ದೆ ಕೆಟ್ರೆ, ನೋವು ಹೆಚ್ಚಿದ್ರೆ, ಮೈಯಲ್ಲಿ ನೀರು ಕಮ್ಮಿಯಾದ್ರೆ ಇನ್ನೂ ಹೆಚ್ಚುತ್ತೆ. ಸಾಮಾನ್ಯವಾಗಿ ಕೆಲವು ದಿನದಲ್ಲಿ ಇಳಿಯುತ್ತೆ. ಆದ್ರೆ ಇವತ್ತು ಮನೆಗೆ ಒಯ್ದು, ಈ ಗೊಂದಲದಲ್ಲಿ ಎದ್ದು ಬಿದ್ರೆ, ಅವರು ಮತ್ತೆ ನಡೆಯೋದು ಕಷ್ಟ.”

ಕಿವಿಯ ಮಿಷಿನ್ ಕಳೆದುಹೋದೀತೆಂದು ಎರಡು ದಿನದಿಂದ ನನ್ನ ಬ್ಯಾಗಿನಲ್ಲೇ ಭದ್ರವಾಗಿಟ್ಟಿದ್ದೆ. ನನ್ನ ಬುದ್ಧಿಗಿಷ್ಟು! ಅದನ್ನು ಕೈಯಲ್ಲಿ ಹಿಡಿದು ವಾರ್ಡಿಗೆ ಓಡಿದೆ.

ಅಷ್ಟರಲ್ಲಿ ಮುತ್ತುರಾಜು ಬಾಡಿಗೆಗೆ ಓಡಿಸುವ ಶರೀಫನ ವ್ಯಾನು ಕರೆಸಿ ಬಾಗಿಲಿಗೆ ನಿಲ್ಲಿಸಿದ್ದರು. ನಾನು ಮಂಚಕ್ಕೆ ಅಡ್ಡ ನಿಂತೆ.

“ಚಿಕ್ಕಮಾವ, ಇದು ದೇವರಲ್ಲ. ಮಾವಂಗೆ ಮರೆವು ಐತೆ. ಇವತ್ತು ಇವರು ಎಲ್ಲಿಗೂ ಬರಲ್ಲ.”

“ಗುಡ್ಡಪ್ಪಂಗೆ ಮರೆವಾ? ದೇವ್ರ ಮಾತ್ ಮೀರೋಕೆ ನೀನ್ಯಾರಮ್ಮಿ?” ಎಂದವರೇ ನಮ್ಮತ್ತೆ ಬೀರಮ್ಮನ ಕಡೆ ತಿರುಗಿದರು. “ಅತ್ಗೆ, ನೀನಾದ್ರೂ ಒಸಿ ಬುದ್ಧಿ ಹೇಳು.”

ಅತ್ತೆ ಬೆಳಗಿನಿಂದ ಮಂಚದಿಂದ ನಾಲ್ಕು ಮಾರು ದೂರ ಕೈಮುಗಿದು ಕೂತಿದ್ದರು. ದೇವರು ಬಂದ ಮೈಯನ್ನು ಹೆಂಡತಿ ಮುಟ್ಟುವ ಹಾಗಿಲ್ಲ. ಮದುವೆಯಾದ ನಲವತ್ತೆಂಟು ವರ್ಷದಲ್ಲಿ ಅವರು ಒಮ್ಮೆಯೂ ಅದನ್ನು ಮೀರಿದವರಲ್ಲ. ಈಗ ಎದ್ದು ನೇರವಾಗಿ ಬಂದು ಗಂಡನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಮುತ್ತುರಾಜು “ಅಯ್ಯೋ” ಎಂದು ಹಿಂದೆ ಸರಿದರು.

“ದೇವ್ರು ಬರೋದ ಎಷ್ಟ್ ಕಿತ ನೋಡಿವ್ನಿ ನಾನು,” ಎಂದರು ಅತ್ತೆ. “ಒಂದ್ ದಿನಾನೂ ದೇವ್ರು ಹೆದರ್ಕೊಂಡಿಲ್ಲ. ಈ ಕೈ ನೋಡು, ಹೆಂಗ್ ನಡುಗ್ತೈತೆ. ಹೆದರವ್ರೆ ಕಣ ಮುತ್ತುರಾಜ. ಇದು ದೇವ್ರಲ್ಲ, ನಿಮ್ಮಣ್ಣ. ವ್ಯಾನ್ ವಾಪಸ್ ಕಳ್ಸು.”

ವ್ಯಾನು ವಾಪಸು ಹೋಯಿತು. ಮಿಷಿನ್ ಕಿವಿಗೇರಿತು. ಕಿಟಕಿಯ ಬೆಳಕು ಬೀಳುವ ಮಂಚ ಕೊಡಿಸಿ ಎಂದು ನರ್ಸಿನ ಬೆನ್ನು ಬಿದ್ದು ಕೊಡಿಸಿಕೊಂಡೆ. ಅತ್ತೆ ಗಳಿಗೆಗೊಮ್ಮೆ ಚಮಚದಲ್ಲಿ ನೀರು ಕುಡಿಸಿದರು. “ಇದು ರಾಮನಗರದ ಆಸ್ಪತ್ರೆ, ಸೊಂಟ ಮುರ್ದಿತ್ತು, ಸರಿಯಾಗೈತೆ, ನಾನು ಬೀರಮ್ಮ” ಎಂದು ಮಾವ ಕೇಳಿದಷ್ಟು ಸಲವೂ ಹೇಳಿದರು. ಅತ್ತೆಗೆ ಅಷ್ಟು ತಾಳ್ಮೆ ಇದೆಯೆಂದು ನನಗೆ ಗೊತ್ತಿರಲಿಲ್ಲ. ನನ್ನ ಮೇಲಂತೂ ಅದನ್ನು ಎಂದೂ ಖರ್ಚು ಮಾಡಿದವರಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಮಾವನ ಕಣ್ಣು ತಿಳಿಯಾಗಿತ್ತು. ಗಂಜಿ ಕುಡಿದು ಬಾಯೊರೆಸಿಕೊಂಡು ಕೇಳಿದರು.

“ದೇವ್ರು ಬಂದಿತ್ತಂತೆ?”

ಹೂಂ ಎಂದುಬಿಡಿ ಅತ್ತೆ, ಎಂದುಕೊಂಡೆ ಮನಸ್ಸಿನಲ್ಲೇ. ಅಷ್ಟಕ್ಕೇ ಅವರ ಮರ್ಯಾದೆ ಉಳಿಯುತ್ತಿತ್ತು.

“ಇಲ್ಲ. ನಿಮ್ಗೆ ಮರೆವು ಬಂದೈತೆ. ವರ್ಸ ಆಯ್ತು. ನಾವು ತಿಳೀದೆ ಕೈಮುಕ್ಕೊಂಡು ಕೂತಿದ್ವಿ.”

ಮಾವ ಗಂಜಿಯ ಲೋಟವನ್ನು ಪಕ್ಕಕ್ಕೆ ಸರಿಸಿದರು.

“ಹಂಗಾರೆ, ಈ ವರ್ಸ ಜನಕ್ಕೆ ನಾನು ಕೊಟ್ಟ ಅಪ್ಪಣೆ?”

“ಯಾವ್ದು ದೇವ್ರು ಅಂದಿದ್ದು, ಯಾವ್ದು ನೀವಂದಿದ್ದು, ನಂಗೊತ್ತಿಲ್ಲ.”

ಅವರು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನನಗೂ ಅಳು ಬಂತು. ಆಮೇಲೆ ಟವೆಲು ತೆಗೆದು, ಎರಡು ಕೈಯನ್ನೂ ಹಾಸಿಗೆಗೆ ಊರಿ, ಗೋಡೆಗೆ ಒರಗಿಸಿದ್ದ ವಾಕರ್ ಕಡೆ ನೋಡಿದರು.

“ತಕ್ಕೊಬಾವ್ವ ಅದ. ನಡೆಯೋದ ಬೇಗ ಕಲೀಬೇಕು. ಮರ್ತೋಗೋಕ್ ಮುಂಚೆ ಒಬ್ಬೊಬ್ರ ಮನೆಗೂ ಹೋಗಿ ನಾನೇ ಹೇಳ್ಬೇಕು.”