ಮೆತ್ತೆಯ ಹಲಗೆ

ಗೋಡೆಗೆ ಒರಗಿಸಿದ್ದ ಮಂಚದ ತಲೆಗಡೆಯ ಹಲಗೆಗೆ ಬೆಳಗಾಗುವಷ್ಟರಲ್ಲಿ ಹೊಟ್ಟೆ ಬಂದಿತ್ತು. ನಿನ್ನೆ ಬಯ್ಯೂಮಿ ಒತ್ತಿ ಒತ್ತಿ ತುಂಬಿದ್ದ ಹತ್ತಿಯೆಲ್ಲ ಜಾರಿ ಕೆಳಗೆ ಕೂತಿತ್ತು. ಮೇಲುಗಡೆ ಮಖಮಲ್ಲು ಬರೀ ಮರಕ್ಕೆ ಅಂಟಿಕೊಂಡಿತ್ತು, ಕೆಳಗಡೆ ತುಂಬುಬಸುರಿಯ ಹಾಗೆ ಉಬ್ಬಿತ್ತು. ಬಯ್ಯೂಮಿ ಅದರ ಮುಂದೆ ಬಂದು ನಿಂತ. ಆಮೇಲೆ ಒದೆಯಲು ಕಾಲೆತ್ತಿದ. ಒಲೆಯ ಮುಂದಿದ್ದ ಹೆಂಡತಿ ಫಿಕ್ರಿಯಾ ತಿರುಗಿಯೂ ನೋಡದೆ, ಒದ್ದರೆ ಮುರಿಯುವುದು ನಿಮ್ಮ ಕಾಲೇ, ಬಡಗಿ ಮರದಲ್ಲಿ ಮೋಸ ಮಾಡಿಲ್ಲ ಎಂದಳು.

ಅಂದು ಬುಧವಾರ. ಮಾರನೆಯ ದಿನ ಮಧ್ಯಾಹ್ನ ಮಗಳು ನವ್ವಾರಾಳ ಮದುವೆ ಸಾಮಾನು ತೆರೆದ ಲಾರಿಯಲ್ಲಿ ಝಿಫ್ತಾದಿಂದ ಹೊರಟು, ನೈಲಿನ ಸೇತುವೆ ದಾಟಿ, ಆಚೆ ದಡದ ಮೀತ್ ಗಮ್ರಿನಲ್ಲಿರುವ ಗಂಡಿನ ಮನೆ ಸೇರಬೇಕಿತ್ತು. ಲಾರಿಯಲ್ಲಿ ಏನಿದೆ, ಏನಿಲ್ಲ ಎಂದು ಎರಡೂ ದಡದ ಹೆಂಗಸರು ಮಹಡಿಗಳಿಂದ ನೋಡುತ್ತಾರೆ. ಅಲ್ಲಿ ಕಂಡದ್ದನ್ನು ಮೊಮ್ಮಕ್ಕಳ ಕಾಲಕ್ಕೂ ಮರೆಯುವುದಿಲ್ಲ.

ಮಲಗುವ ಕೋಣೆಯ ಸಾಮಾನು ಹೆಣ್ಣಿನ ಮನೆಯದು ಎಂದು ಮಾತಾಗಿತ್ತು. ಎರಡು ವಾರದ ಹಿಂದೆ ಗಂಡಿನ ಸೋದರತ್ತೆ ಇನ್ಶಿರಾ ಮಂಚ ನೋಡಲು ಬಂದಳು. ಮಂಚ ಗಟ್ಟಿಯಾಗಿತ್ತು. ಆದರೆ ತಲೆಯ ಕಡೆಗೆ ಬರೀ ಹಲಗೆ. ಈಗಿನ ಮಂಚಗಳಿಗೆಲ್ಲ ಅಲ್ಲಿ ಮೆತ್ತೆ ಹೊದಿಸಿ, ಗುಂಡಿ ಕೂರಿಸಿ, ಸೋಫಾದ ಬೆನ್ನಿನಂತೆ ಮಾಡಿರುತ್ತಾರೆ. ಇನ್ಶಿರಾ ಹಲಗೆಯನ್ನು ಬೆರಳಿನಿಂದ ಕುಟ್ಟಿ ನೋಡಿದಳು.

"ಅಲ್ಲಾ ಬಯ್ಯೂಮಿ ಅಣ್ಣ, ಇದು ಮದುಮಗಳ ಮಂಚಾನೋ ಆಸ್ಪತ್ರೆ ಮಂಚಾನೋ? ಇರ್ಲಿ ಬಿಡಿ, ನಿಮ್ಗೆ ಕಷ್ಟ ಆದ್ರೆ ಮೆತ್ತೆ ಹಲಗೆ ನಾವೇ ತಂದು ಹಾಕ್ತೀವಿ."

ಇಂಥ ಉಪಕಾರಕ್ಕಿಂತ ಕಪಾಳಕ್ಕೆ ಹೊಡೆಯುವುದು ಮೇಲು. ಆ ಹಲಗೆ ಅವರ ಮನೆಯಿಂದ ಬಂತೆಂದರೆ ನವ್ವಾರಾ ಬದುಕಿರುವ ತನಕ ಇನ್ಶಿರಾ ಅವಳ ತಲೆಯ ಹಿಂದೆ ನಿಂತೇ ಇರುತ್ತಾಳೆ. ಬಯ್ಯೂಮಿಯ ನೆತ್ತಿಗೆ ರಕ್ತ ಏರಿತು. ಬಾಗಿಲು ತೆರೆದಿದೆಯೆಂಬುದನ್ನೂ ನೋಡದೆ ಕೂಗಿಬಿಟ್ಟ.

"ಗುರುವಾರ ನನ್ನ ಮನೆಯಿಂದ್ಲೇ ಮೆತ್ತೆ ಹಲಗೆ ಸೇತುವೆ ದಾಟ್ದೇ ಇದ್ರೆ ಈ ಮೀಸೆ ಬೋಳಿಸ್ಕೋತೀನಿ."

ಎದುರು ಅಂಗಡಿಯ ಕ್ಷೌರಿಕ ಲುತ್ಫಿಗೆ ಅದು ಕೇಳಿಸಿತು. ಮೂವತ್ತು ವರ್ಷದಿಂದ ಆ ಮೀಸೆಯನ್ನು ಕತ್ತರಿಸಿ ತಿದ್ದಿದವನು ಅವನೇ. ಅಂದಿನಿಂದ ದಿನಾ ಬೆಳಗ್ಗೆ ಅಂಗಡಿ ಬಾಗಿಲಲ್ಲಿ ನಿಂತು, ಕತ್ತಿ ಮಸೆಯಲೋ ಇನ್ನೂ ನಾಲ್ಕು ದಿನ ಕಾಯಲೋ ಎಂದು ಕೇಳತೊಡಗಿದ.

ಬಯ್ಯೂಮಿ ಹತ್ತಿ ಹಿಂಜುವವನು. ಒಂದು ಕಾಲಕ್ಕೆ ಆ ಬೀದಿಗಳಲ್ಲಿ ಮದುವೆಗೆ ಮುಂಚೆ ಅವನನ್ನು ಕರೆಯದ ಮನೆಯಿರಲಿಲ್ಲ. ಮದುಮಗಳ ಮನೆ ಮುಂದೆ ಚಾಪೆ ಹಾಸಿ, ಬಿಲ್ಲಿನ ತಂತಿಗೆ ಕೊಡತಿಯಿಂದ ಹೊಡೆದು ಹತ್ತಿ ಹಿಂಜಿ, ಹಾಸಿಗೆ, ರಜಾಯಿ ಹೊಲಿಯುತ್ತಿದ್ದ. ಶರಬತ್ತು ಹಂಚುತ್ತಿದ್ದರು, ಹೆಂಗಸರು ಹಾಡುತ್ತಿದ್ದರು. ಮೇಸ್ತ್ರಿ ಎಂದು ಕರೆಯುತ್ತಿದ್ದರು. ಆಮೇಲೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಸ್ಪಂಜಿನ ಹಾಸಿಗೆ ಬಂತು. ಬಯ್ಯೂಮಿ ಅದರ ಹೆಸರೆತ್ತುತ್ತಿರಲಿಲ್ಲ, 'ಆ ನೊರೆ' ಎನ್ನುತ್ತಿದ್ದ. ಬಿಲ್ಲು ಮೊಳೆಗೆ ಏರಿತು. ಅವನು ಶಾಲೆಯೊಂದರ ಗೇಟಿನಲ್ಲಿ ಕಾವಲು ಕೂತ. ಎಂಟು ವರ್ಷವಾಯಿತು, ಈಗ ಅವನು ಎಲ್ಲರಿಗೂ ಬರೀ ಬಯ್ಯೂಮಿ.

ಅಂಗಡಿಯ ಮೆತ್ತೆ ಹಲಗೆ ಅವನ ಕೈಗೆಟುಕುವ ಮಾತಲ್ಲ. ಹಾಗಾಗಿ ಮಂಗಳವಾರದ ಸಂತೆಯಲ್ಲಿ ದಾಳಿಂಬೆ ಬಣ್ಣದ ಮಖಮಲ್ಲಿನ ಉಳಿಕೆ ತುಂಡೊಂದನ್ನು ತಂದ. ತಾನೂ ಫಿಕ್ರಿಯಾಳೂ ಮಲಗುವ ಹಾಸಿಗೆಯನ್ನು ಬಿಚ್ಚಿ ಅರ್ಧ ಹತ್ತಿ ತೆಗೆದ. ಹತ್ತಿ ತುಂಬುವುದನ್ನು ತನಗೆ ಯಾರೂ ಕಲಿಸಬೇಕಾಗಿಲ್ಲ ಎಂದ. ಆದರೆ ಆಯುಷ್ಯವಿಡೀ ಅವನು ಹತ್ತಿ ತುಂಬಿದ್ದು ಮಲಗಿರುವ ವಸ್ತುಗಳಿಗೆ. ನಿಂತಿರುವ ವಸ್ತುವಿಗೆ ಅವನು ತುಂಬಿದ್ದು ಅದೇ ಮೊದಲು.

ನವ್ವಾರಾ ಬಂದು ಹಲಗೆಯ ಹೊಟ್ಟೆಯನ್ನು ಅಂಗೈಯಿಂದ ಮೇಲಕ್ಕೆ ತಳ್ಳಿ ನೋಡಿದಳು. ಕೈ ತೆಗೆದೊಡನೆ ಅದು ಮತ್ತೆ ಇಳಿಯಿತು.

"ಹೋಗ್ಲಿ ಬಿಡಪ್ಪಾ. ಅವರೇ ತಂದ್ಕೊಳ್ಲಿ."

ಬೈದಿದ್ದರೆ ಅವನು ತಿರುಗಿ ಬೈಯುತ್ತಿದ್ದ. ಅವಳು ಬೈಯಲಿಲ್ಲ. ಬಯ್ಯೂಮಿ ಹೊಸ್ತಿಲ ಮೇಲೆ ಕುಸಿದು ಕೂತ. ಫಿಕ್ರಿಯಾ ಅವನ ಮುಂದೆ ಚಹಾ ಇಟ್ಟು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು.

"ರಜಾಯಿಗೆ ಅಡ್ಡಡ್ಡ ಹೊಲಿಗೆ ಯಾಕೆ ಹಾಕ್ತಿದ್ರಿ ನೀವು? ಚೆಂದಕ್ಕಾ?"

"ಹತ್ತಿ ಓಡ್ಬಾರ್ದು ಅಂತ."

"ಮತ್ತೆ?"

ಬಯ್ಯೂಮಿ ಚಹಾ ಮುಟ್ಟಲಿಲ್ಲ. ಎದ್ದು ಮೊಳೆಯಿಂದ ಬಿಲ್ಲು ಇಳಿಸಿದ.

ಬೀದಿಯಲ್ಲಿ ಚಾಪೆ ಬಿತ್ತು. ಮುದ್ದೆಗಟ್ಟಿದ ಹತ್ತಿಯನ್ನು ಹಲಗೆಯಿಂದ ಕಿತ್ತು ಸುರಿದ. ಕೊಡತಿಯ ಮೊದಲ ಏಟಿಗೆ ತಂತಿ ಒರಟಾಗಿ ಕೆಮ್ಮಿತು, ಮೂರನೆಯ ಏಟಿಗೆ ಗಂಟಲು ಸರಿಯಾಗಿ ಠುಂಯ್ ಎಂದಿತು. ಆ ದನಿಗೆ ಮೇಲಿನ ಕಿಟಕಿಗಳು ಒಂದೊಂದಾಗಿ ತೆರೆದವು. ಯಾರೋ ಮುದುಕಿ ನಾಲಿಗೆ ಹೊರಳಿಸಿ ಮದುವೆಮನೆಯ ಉಲುಲು ಕೂಗು ಹಾಕಿದಳು. ಇನ್ನೊಬ್ಬಳು ಕೆಳಗಿಳಿದು ಬಂದು, ತನ್ನ ಮಗಳ ಮದುವೆಗೆ ಈ ದನಿ ಇರಲಿಲ್ಲ, ಆ ಮದುವೆಯೇ ಸಪ್ಪೆಯಾಗಿತ್ತು ಎಂದು ಗಂಡನನ್ನು ಬೈದಳು. ಹತ್ತಿ ಚಾಪೆಯ ಮೇಲೆ ಹಾಲಿನ ನೊರೆಯ ಹಾಗೆ ಎದ್ದಿತು.

ಈ ಸಲ ಬಯ್ಯೂಮಿ ಹಲಗೆಯ ಅಳತೆಗೆ ಒಂದು ದಪ್ಪ ರಜಾಯಿಯನ್ನೇ ಹೊಲಿದ. ಓರೆ ಹೊಲಿಗೆ, ಅದರ ಮೇಲೆ ಎದುರು ಓರೆ. ಒಂದೊಂದು ಚೌಕದಲ್ಲೂ ಹತ್ತಿ ಸೆರೆಯಾಯಿತು. ಹೊಲಿಗೆಗಳು ಕೂಡುವ ಕಡೆಯೆಲ್ಲ ಹಲಗೆಗೆ ತೂತು ಕೊರೆದ. ಗುಂಡಿಗೆ ಏನು ಮಾಡುವುದೆಂದು ನವ್ವಾರಾ ಕೇಳಿದಾಗ ಫಿಕ್ರಿಯಾ ಕಾಫಿ ಅಂಗಡಿಗೆ ಹೋಗಿ ಸೋಡಾ ಬಾಟಲಿಯ ಮುಚ್ಚಳಗಳನ್ನು ಮಡಿಲು ತುಂಬ ತಂದಳು. ಲುತ್ಫಿಯೇ ತನ್ನ ಅಂಗಡಿಯ ಕಲ್ಲು ಮೆಟ್ಟಿಲ ಮೇಲೆ ಅವನ್ನು ಕುಟ್ಟಿ ಚಪ್ಪಟೆ ಮಾಡಿ, ಮೊಳೆಯಿಂದ ಎರಡೆರಡು ತೂತು ಹೊಡೆದುಕೊಟ್ಟ. ತನ್ನ ಕತ್ತಿಗೇ ದ್ರೋಹ ಮಾಡಿದ ಪಾಪ ತನಗೆ ಬರುತ್ತದೆ ಎಂದ. ನವ್ವಾರಾ ಒಂದೊಂದಕ್ಕೂ ಮಖಮಲ್ಲು ಸುತ್ತಿದಳು. ಇಪ್ಪತ್ಮೂರು ಗುಂಡಿ.

ರಜಾಯಿಯ ಮೇಲೆ ಬಯ್ಯೂಮಿ ಮಖಮಲ್ಲನ್ನು ಸಡಿಲವಾಗಿಯೇ ಹೊದಿಸಿದ. ಗುಂಡಿ ಬಿಗಿದಷ್ಟೂ ಬಟ್ಟೆ ಒಳಗೆ ಎಳೆದುಕೊಳ್ಳುತ್ತದೆಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ. ಫಿಕ್ರಿಯಾ ಮುಂದಿನಿಂದ ಮೊಣಕೈಯಲ್ಲಿ ಒತ್ತುವಳು, ಬಯ್ಯೂಮಿ ಹಿಂದಿನಿಂದ ದಬ್ಬಣದ ಹುರಿ ಎಳೆದು ಮೊಳೆಗೆ ಬಿಗಿಯುವನು. ಒಂದೊಂದು ಗುಂಡಿ ಒಳಗೆ ಹೂತಾಗಲೂ ಅದರ ಸುತ್ತ ಮಖಮಲ್ಲು ನೆರಿಗೆಯಾಗಿ ತುಂಬಿ ನಿಲ್ಲುತ್ತಿತ್ತು. ನವ್ವಾರಾ ಬೆಳಗ್ಗೆ ಹೇಳಿದ ಮಾತನ್ನು ಮತ್ತೆ ಹೇಳಲಿಲ್ಲ. ಗುಂಡಿ ಎತ್ತಿಕೊಡುತ್ತ, ಸುತ್ತ ಸೇರಿದ ಹೆಂಗಸರ ಹಾಡಿಗೆ ದನಿಗೂಡಿಸಿದ್ದಳು.

ಇಪ್ಪತ್ತೆರಡು ಮುಗಿದಿತ್ತು. ಇನ್ಶಿರಾ ಆಟೋದಿಂದ ಇಳಿದಳು. ನಾಳೆ ಲಾರಿ ಬರುವ ಹೊತ್ತು ತಿಳಿಸಲು ಬಂದೆ ಎಂದಳು. ಬಂದದ್ದು ಯಾಕೆಂದು ಬೀದಿಗೆಲ್ಲ ಗೊತ್ತಿತ್ತು. ಜನರ ನಡುವೆ ದಾರಿ ಮಾಡಿಕೊಂಡು ಬಂದು ಹೆಬ್ಬೆರಳಿನಿಂದ ಮೆತ್ತೆ ಒತ್ತಿದಳು.

"ಸ್ಪಂಜಾ?"

"ಹತ್ತಿ."

"ಹತ್ತಿ ಕುಸಿಯುತ್ತೆ."

ಬಯ್ಯೂಮಿ ಹಲಗೆಯನ್ನು ಎತ್ತಿ ನಿಲ್ಲಿಸಿದ. ಎರಡೂ ಕೈಯಲ್ಲಿ ಹಿಡಿದು ಕಲ್ಲಿನ ಮೇಲೆ ಮೂರು ಸಲ ಕುಕ್ಕಿದ. ಬೀದಿಯ ಧೂಳೆದ್ದಿತು. ಹತ್ತಿ ಕೂದಲೆಳೆಯಷ್ಟೂ ಕದಲಲಿಲ್ಲ. ಮತ್ತೆ ಮಲಗಿಸಿ ಕೂತು, ಕೊನೆಯ ಗುಂಡಿ ಪೋಣಿಸಿ, ಹುರಿ ಎಳೆಯದೆ ದಬ್ಬಣವನ್ನು ಚಾಪೆಯ ಮೇಲಿಟ್ಟ. ಕೈ ಕಟ್ಟಿಕೊಂಡ.

ಹಾಡು ನಿಂತಿತು. ಮದುವೆ ಹಾಸಿಗೆಯ ಕೊನೆಯ ಗಂಟು ಬೀಳಬೇಕಾದರೆ ಗಂಡಿನ ಕಡೆಯವರು ಮೇಸ್ತ್ರಿಯ ಕೈ ತುಂಬಬೇಕು. ಇದು ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು, ಸ್ಪಂಜು ಬಂದಮೇಲೆ ಯಾರಿಗೂ ನೆನಪಿಗೆ ಬಂದಿರಲಿಲ್ಲ. ಅಲ್ಲಿದ್ದ ಗಂಡಿನ ಕಡೆಯವಳು ಇನ್ಶಿರಾ ಒಬ್ಬಳೇ. ಅವಳು ಸುತ್ತ ನೋಡಿದಳು. ಚೀಲದಿಂದ ಸಣ್ಣ ನೋಟೊಂದನ್ನು ತೆಗೆದು ಮಖಮಲ್ಲಿನ ಮೇಲಿಟ್ಟಳು. ಬಯ್ಯೂಮಿ ಆಕಾಶ ನೋಡಿದ. ಮೇಲಿನ ಕಿಟಕಿಯ ಮುದುಕಿ, ಮೀತ್ ಗಮ್ರಿನವರ ಚೀಲದ ಬಾಯಿ ಇಷ್ಟು ಚಿಕ್ಕದು ಅಂತ ಗೊತ್ತಿರಲಿಲ್ಲ ಎಂದಳು. ಇನ್ಶಿರಾ ಕೆಂಪಾದಳು. ಇನ್ನೂರರ ನೋಟು ತೆಗೆದು ಮೊದಲಿನದರ ಮೇಲಿಟ್ಟು, ಅದನ್ನು ಅಂಗೈಯಿಂದ ಸವರಿದಳು. ಕೈ ಅಲ್ಲಿಂದ ಜಾರಿ ಮೆತ್ತೆಯ ಮೇಲೆ ಹೋಯಿತು. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಅಲ್ಲೇ ಇತ್ತು.

"ಗಂಟು ಹಾಕಿ ಮೇಸ್ತ್ರಿ," ಎಂದಳು. "ಗಟ್ಟಿಯಾಗೇ ಹಾಕಿ."

ಬಯ್ಯೂಮಿ ಹುರಿ ಎಳೆದ.

ಗುರುವಾರ ಲಾರಿ ಸೇತುವೆ ಹತ್ತಿದಾಗ ಹಲಗೆ ಎಲ್ಲಕ್ಕಿಂತ ಮುಂದೆ, ಡ್ರೈವರನ ಗೂಡಿಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತಿತ್ತು. ಬಿಸಿಲಿಗೆ ಮಖಮಲ್ಲು ದಾಳಿಂಬೆ ಕಾಳಿನ ಹಾಗೆ ಹೊಳೆಯುತ್ತಿತ್ತು. ಬಯ್ಯೂಮಿ ಸೇತುವೆಯ ಈ ತುದಿಯಲ್ಲಿ ನಿಂತು ಅದು ಆಚೆ ದಡದಲ್ಲಿ ಇಳಿಯುವ ತನಕ ನೋಡಿದ. ಆಮೇಲೆ ನೇರವಾಗಿ ಲುತ್ಫಿಯ ಅಂಗಡಿಗೆ ಹೋಗಿ ಕುರ್ಚಿಯಲ್ಲಿ ಕೂತ.

"ಕೂದ್ಲು ಮಾತ್ರ," ಎಂದ.

ಲುತ್ಫಿ ಬಟ್ಟೆ ಹೊದಿಸಿದ. ಕನ್ನಡಿಯಲ್ಲಿ ನೋಡಿ, ಬಾಚಣಿಗೆ ತೆಗೆದುಕೊಂಡು ಮೊದಲು ಮೀಸೆಯನ್ನೇ ಬಾಚಿದ. ಅದರಿಂದ ಹತ್ತಿಯ ಒಂದು ಎಳೆ ಬಿಡಿಸಿಕೊಂಡು ಮೇಲೆದ್ದಿತು. ಫ್ಯಾನಿನ ಗಾಳಿಗೆ ಇಬ್ಬರ ನಡುವೆ ಸುತ್ತುತ್ತ, ತೆರೆದ ಬಾಗಿಲಿನಿಂದ ಬೀದಿಗೆ ಹೋಯಿತು.