ಚಪ್ಪಟೆ ಕೈ

“ನಿಮ್ಮ ಹಾಸಿಗೇಲಿ ತಿಗಣೆ ಸಂತೆ ನೆರೀಲಿ! ಉಟ್ಟ ಬಟ್ಟೆ ನಡುಬೀದೀಲಿ ಹಿಂದ್ಗಡೆ ಹರಿದು ಹಲ್ಲು ಕಿಸೀಲಿ! ನೋಡೋದು ನೋಡು, ಸತ್ತ ಎಮ್ಮೆ ಸುತ್ತ ಹದ್ದು ಕೂತಂಗೆ. ಬೇವರ್ಸಿಗಳಾ!”

ಇಷ್ಟನ್ನೂ ಕತ್ತರಿಬಾಯಿ ಎರಡು ಕೈ ಜೋಡಿಸಿ, ಮುಖದ ತುಂಬ ನಗು ಹರಡಿಕೊಂಡು ಹೇಳಿದಳು.

ಎದುರಿಗೆ ನಿಂತಿದ್ದವರು ದೂರದ ಊರಿನವರು, ಅವಳ ಮಾತು ತಿಳಿಯದವರು. ಅವರು ತಮ್ಮನ್ನು ಕರೆತಂದವನ ಮುಖ ನೋಡಿದರು. ಅವನು ಹಳದಿ ಛತ್ರಿಯನ್ನು ಮೇಲೆತ್ತಿ ಅವರ ಭಾಷೆಯಲ್ಲಿ, ‘ಬನ್ನಿ, ಇದು ನಿಮ್ಮದೇ ಮನೆ, ನಿಮ್ಮ ಮಕ್ಕಳುಮರಿ ತಣ್ಣಗಿರಲಿ ಅಂತ ಈ ತಾಯಿ ಹರಸುತ್ತಿದ್ದಾಳೆ’ ಎಂದ. ಗುಂಪು ಆಹಾ ಎಂದಿತು. ಒಬ್ಬಾಕೆ ಕಣ್ಣು ಒರೆಸಿಕೊಂಡಳು.

ಬಿಸಿಲಿರಲಿ ಬಿಡಲಿ ಛತ್ರಿ ಹಿಡಿದೇ ತಿರುಗುವ ಅವನಿಗೆ ಗಲ್ಲಿಯವರು ಇಟ್ಟ ಹೆಸರೂ ಛತ್ರಿಯೇ. ಕಾರಣ ಅವನ ಕೈಯಲ್ಲಿರುವುದೋ ತಲೆಯಲ್ಲಿರುವುದೋ ಎಂದರೆ ಎರಡೂ ಎನ್ನುತ್ತಿದ್ದರು. ದೊಡ್ಡ ದೊಡ್ಡ ಕಟ್ಟಡ ನೋಡಿ ಬೇಸತ್ತವರನ್ನು ಕಾಲ್ನಡಿಗೆಯಲ್ಲಿ ಇಂಥ ಗಲ್ಲಿಗಳಿಗೆ ಕರೆತಂದು ತೋರಿಸುವುದು ಅವನ ಕಸುಬು. ‘ಯಾರೂ ನೋಡದ ಊರು’ ಎಂದು ಅದಕ್ಕೆ ಹೆಸರು ಬೇರೆ ಇಟ್ಟಿದ್ದ. ಅಲ್ಲೇ ಹುಟ್ಟಿ ಅಲ್ಲೇ ಸಾಯುತ್ತಿದ್ದವರನ್ನು ಅವನು ‘ಯಾರೂ’ ಎನ್ನುವ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಗುಂಪು ನಿಂತಿದ್ದ ಜಾಗ ಮೊದಲು ಬಟ್ಟೆ ಒಗೆಯುವ ಕಾರ್ಖಾನೆ. ಊರಿನ ಆಸ್ಪತ್ರೆಗಳ, ವಸತಿಗೃಹಗಳ ಚಾದರಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ರಕ್ತ, ಕೀವು, ಗಂಡಹೆಂಡಿರ ಗುಟ್ಟು, ಎಲ್ಲವನ್ನೂ ಒಗೆದು, ಹಬೆಯ ಉರುಳೆಯಲ್ಲಿ ಒತ್ತಿ, ಮಡಿಸಿ ಕಳಿಸುತ್ತಿದ್ದ ಹೆಂಗಸರಲ್ಲಿ ಕತ್ತರಿಬಾಯಿ ಒಬ್ಬಳು. ಗಲ್ಲಿಗೆ ಬಣ್ಣಬಣ್ಣದ ಅಂಗಡಿಗಳು ಬರತೊಡಗಿದಾಗ ಸಾಹುಕಾರ ಕಾರ್ಖಾನೆ ಮುಚ್ಚಿ ಕಾಫಿ ಅಂಗಡಿ ತೆರೆದ. ಒಗೆಯುವ ತೊಟ್ಟಿಗಳಲ್ಲಿ ಹೂಗಿಡ ನೆಡಿಸಿದ. ಅಲ್ಲಿನ ಕಾಫಿಯ ಮೇಲೆ ಬೆರಳುದ್ದ ನೊರೆ. “ನಾವು ನೊರೇನ ಮೋರಿಗೆ ಬಿಡ್ತಿದ್ವಿ, ಇವನು ಲೋಟಕ್ಕೆ ಬಿಡ್ತಾನೆ. ಕುಡಿಯೋರು ಇದ್ರೆ ಯಾಕೆ ಬಿಡ್ಬಾರ್ದು?” ಎನ್ನುತ್ತಿದ್ದಳು ಕತ್ತರಿಬಾಯಿ.

ಮಿಕ್ಕ ಹೆಂಗಸರನ್ನೆಲ್ಲ ಮನೆಗೆ ಕಳಿಸಿದ ಸಾಹುಕಾರ, ಹಳೆಯ ಸಾಮಾನುಗಳ ಜೊತೆ ಇಬ್ಬರನ್ನು ಮಾತ್ರ ಉಳಿಸಿಕೊಂಡಿದ್ದ: ಕತ್ತರಿಬಾಯಿ ಮತ್ತು ಅವಳ ನಾದಿನಿ. ಕತ್ತರಿಬಾಯಿಯ ಕೆಲಸ ಇಸ್ತ್ರಿ ಮಾಡಿದ ಹಾಗೆ ಮಾಡುವುದು. ಪೆಟ್ಟಿಗೆಯಲ್ಲಿ ಕೆಂಡವಿರಲಿಲ್ಲ. ಒಂದೇ ಚಾದರವನ್ನು ತಣ್ಣನೆಯ ಕಬ್ಬಿಣದಲ್ಲಿ ತೀಡಬೇಕು, ಗುಂಪು ಆಚೆ ಹೋದ ಮೇಲೆ ಅದನ್ನು ಮುದುಡಿ ಮತ್ತೆ ಹರಡಬೇಕು. ಬದಲಿಗೆ ಇಬ್ಬರೂ ಹಿತ್ತಿಲ ಕೋಣೆಯಲ್ಲಿ ಇರಬಹುದು. ಒಲೆ ಹಚ್ಚಬೇಕಾದರೆ ಹಾಸಿಗೆ ಸುತ್ತಿಡಬೇಕಾದಷ್ಟು ಸಣ್ಣ ಕೋಣೆ. ಆದರೆ ಬಾಗಿಲಿಗೆ ಒಳಗಿನಿಂದ ಚಿಲಕವಿತ್ತು. ದಿಕ್ಕಿಲ್ಲದ ಇಬ್ಬರು ಹೆಂಗಸರಿಗೆ ಆ ಊರಿನಲ್ಲಿ ಬೇರೆಲ್ಲೂ ಸುಲಭಕ್ಕೆ ಸಿಗದ ಚಿಲಕ.

ಕತ್ತರಿಬಾಯಿಯ ಗಂಡ ಎಂದೋ ಓಡಿಹೋಗಿದ್ದ. ಹೋಗುವಾಗ ತಂಗಿಯನ್ನು ಬಿಟ್ಟುಹೋದ. “ಅವನ ಕಡೆಯಿಂದ ನಂಗೆ ಬಂದ ಆಸ್ತಿ ಇದೊಂದೇ, ಅದೃಷ್ಟಕ್ಕೆ ಅವನ ಗುಣ ಒಂದೂ ಇಲ್ಲ” ಎಂದು ನಾದಿನಿಯನ್ನು ತೋರಿಸಿ ಹೇಳುವಳು. ನಾದಿನಿ ಮಾತಾಡುತ್ತಿರಲಿಲ್ಲ. ಮೂಗಿಯಲ್ಲ; ಮಾತು ನಿಂತುಹೋಗಿತ್ತು.

ಗುಂಪಿನ ಮುಂದೆ ಅವಳ ಕೆಲಸ ಒಂದೇ. ಛತ್ರಿ ಕಣ್ಸನ್ನೆ ಮಾಡಿದಾಗ ಸೆರಗಿನಡಿಯಿಂದ ಬಲಗೈ ತೆಗೆದು ಚಾಚಬೇಕು. ಮಣಿಕಟ್ಟಿನಿಂದಾಚೆ ಆ ಕೈ ಚಪ್ಪಟೆ. ಉಗುರಿಲ್ಲದ ಬೆರಳುಗಳು ಒಂದಕ್ಕೊಂದು ಅಂಟಿಕೊಂಡು, ಅಂಗೈ ನುಣ್ಣಗೆ ಹೊಳೆಯುತ್ತಿತ್ತು. ಗೆರೆಗಳೆಲ್ಲ ಅಳಿಸಿಹೋಗಿ, ಕೈ ನೋಡಿ ಭವಿಷ್ಯ ಹೇಳುವವನಿಗೂ ಅಲ್ಲಿ ಕೆಲಸ ಉಳಿದಿರಲಿಲ್ಲ. ‘ಹಿಂದಿನವರು ಇಸ್ತ್ರಿಪೆಟ್ಟಿಗೆಯ ಕಾವನ್ನು ಅಂಗೈಯಿಂದಲೇ ನೋಡುತ್ತಿದ್ದರು. ಕಸುಬಿಗಾಗಿ ಕೈಯನ್ನೇ ತೇಯ್ದ ಜನ’ ಎಂದು ಛತ್ರಿ ಹೇಳುತ್ತಿದ್ದ. ಕೆಲವರು ಮುಟ್ಟಿ ನೋಡುತ್ತಿದ್ದರು. ಒಬ್ಬ ತನ್ನ ಫೋನನ್ನು ಪಕ್ಕಕ್ಕಿಟ್ಟು, ಯಾವುದು ತೆಳ್ಳಗಿದೆ ಎಂದು ನೋಡಿದ.

ನಡೆದದ್ದು ಬೇರೆ. ಉರುಳೆಗೆ ಅಡ್ಡಲಾಗಿ ಒಂದು ಕಂಬಿಯಿತ್ತು. ಕೈ ತಾಗಿದರೆ ಉರುಳೆ ನಿಲ್ಲುತ್ತಿತ್ತು. ನಿಂತರೆ ಕೆಲಸ ಸಾಗುವುದಿಲ್ಲವೆಂದು ಸಾಹುಕಾರ ಕಂಬಿ ಬಿಚ್ಚಿಸಿದ್ದ. ಒಂದು ಮಧ್ಯಾಹ್ನ ಆಸ್ಪತ್ರೆಯ ಒದ್ದೆ ಚಾದರದ ಅಂಚು ನಾದಿನಿಯ ಮಣಿಕಟ್ಟಿಗೆ ಸುತ್ತಿಕೊಂಡು ಕೈಯನ್ನು ಒಳಗೆಳೆಯಿತು. ಕತ್ತರಿಬಾಯಿ ಓಡಿಹೋಗಿ ಗೋಡೆಯ ಸ್ವಿಚ್ಚನ್ನೇ ಕಿತ್ತಳು. ಕಿರುಚಾಟ ಕೇಳಿ ಬಂದ ಸಾಹುಕಾರನ ಬಾಯಿಂದ ಬಂದ ಮೊದಲ ಮಾತು, “ಅಯ್ಯೋ, ಚಾದರ ಸುಟ್ಟೋಯ್ತಲ್ಲೇ.”

ಆ ಕೈಯನ್ನು ಛತ್ರಿ ಮೊದಲ ಸಲ ಹೊರಗೆಳೆದು ತೋರಿಸಿದ ದಿನವೇ ಕತ್ತರಿಬಾಯಿ ನಗುನಗುತ್ತ ಬೈಯಲು ಶುರುಮಾಡಿದ್ದು. ಅರ್ಥ ಹೇಳಿದರೆ ಗುಂಪು ಚದುರುತ್ತದೆ. ಛತ್ರಿ ಹರಕೆಯೆಂದೇ ಹೇಳುತ್ತ ಬಂದ.

ಒಂದು ಬೆಳಿಗ್ಗೆ ಸಾಹುಕಾರ ಬಂದವನು ನಾದಿನಿಯ ಕಾಲು ನೋಡಿದ.

“ಇದೇನೇ ಹೊಸ ಚಪ್ಲಿ?”

“ಹಳೇದು ಕಿತ್ತೋಯ್ತು ಧಣಿ, ನಾನೇ ತಂದ್ಕೊಟ್ಟೆ” ಎಂದಳು ಕತ್ತರಿಬಾಯಿ.

“ಬಿಡು ಅಂತ ಹೇಳು. ಬರಿಗಾಲಲ್ಲಿ ನಿಲ್ಲಲಿ. ಹೊಸ ಚಪ್ಲಿ ಹಾಕ್ಕೊಂಡು ನಿಂತ್ರೆ ಇವಳ ಕಷ್ಟಾನ ಯಾರು ನಂಬ್ತಾರೆ?”

ನಾದಿನಿ ಚಪ್ಪಲಿ ಬಿಟ್ಟಳು. ಸಾಹುಕಾರ ಅವನ್ನು ಕಾಲಿನಿಂದ ಮೇಜಿನಡಿಗೆ ತಳ್ಳಿ, ನೊರೆಕಾಫಿ ಕುಡಿಯಲು ಹೋದ.

ಅದೇ ದಿನ ಬಂದ ಗುಂಪಿಗೆ ಕತ್ತರಿಬಾಯಿ ಎಂದಿಗಿಂತ ಖಾರವಾಗಿ ಬೈದಳು. ನಡುವೆ ಯಾರೋ ಕಿಸಕ್ಕನೆ ನಕ್ಕರು. ಗುಂಗುರುಗೂದಲಿನ ನಡುವಯಸ್ಸಿನ ಹೆಂಗಸೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಕತ್ತರಿಬಾಯಿ ಜೋಡಿಸಿದ್ದ ಕೈ ಇಳಿಸಿದಳು. ಇವಳಿಗೆ ಭಾಷೆ ಬರುತ್ತದೆ.

ಗುಂಪು ಮುಂದೆ ಹೋದರೂ ಅವಳು ಉಳಿದಳು.

“ಅಕ್ಕಾ, ಇನ್ನೊಂದ್ಸಲ ಹೇಳಿ. ಆ ತಿಗಣೆ ಸಂತೆ. ನಮ್ಮಮ್ಮ ಹೀಗೇ ಬೈತಿದ್ಲು. ಅವಳು ಹೋದ್ಮೇಲೆ ಕೇಳೇ ಇರ್ಲಿಲ್ಲ.”

“ನಿಮ್ಮಮ್ಮ ಯಾರಿಗೆ ಬೈತಿದ್ಲು?”

“ನಮಗೇ.”

“ಹಂಗಾದ್ರೆ ಒಳ್ಳೆ ಹೆಂಗಸು.”

ಅವಳು ಫೋನು ಎತ್ತಿ ಹಿಡಿದೇ ಕೇಳಿದಳು, “ಈ ಕೈ ನಿಜವಾಗ್ಲೂ ಏನಾಯ್ತು?”

ಕತ್ತರಿಬಾಯಿ ಒಳಗಿದ್ದ ಸಾಹುಕಾರನ ಕಡೆ ಮೂತಿ ತಿರುಗಿಸಿದಳು. “ಅಗೋ, ಆ ಬೋಳಿಮಗ ತಿಂದ. ಉರುಳೆಯ ಕಂಬಿ ಬಿಚ್ಚಿಸಿ ತಿಂದ. ಇನ್ನೂ ಹೊಟ್ಟೆ ತುಂಬಿಲ್ಲ, ತೋರ್ಸಿ ತೋರ್ಸಿ ತಿಂತಾನೇ ಇದಾನೆ.”

ಆ ಹೆಂಗಸು ಹೋಗಿ, ಬೈಗುಳವನ್ನೂ ಛತ್ರಿಯ ಹರಕೆಯನ್ನೂ ಉರುಳೆಯ ಮಾತನ್ನೂ ಸೇರಿಸಿ ಫೋನಿನಿಂದ ಲೋಕಕ್ಕೆಲ್ಲ ಹಂಚಿದಳು. ಒಳ್ಳೆಯದಾಗಲೆಂದೇ ಹಂಚಿದಳು. ಅದನ್ನು ನೋಡಿದ ಸಾಹುಕಾರ ಉರಿದುಕೊಂಡು ಬಂದ.

“ನನ್ನ ಅನ್ನ ತಿಂದು ನಂಗೇ ಬೈತೀಯೇನೇ ಮುಂಡೆ?”

“ಅನ್ನ ಬೇಯ್ಸಿದ್ದು ನಾವು, ತಿಂದಿದ್ದು ನೀನು. ಎಂಜಲು ಯಾರ್ದು ಅಂತ ನೀನೇ ಹೇಳು.”

“ಬೆಳಿಗ್ಗೆ ನಾನು ಬರೋಷ್ಟ್ರಲ್ಲಿ ಕೋಣೆ ಖಾಲಿ ಇರ್ಬೇಕು!”

ಬೆಳಿಗ್ಗೆ ಸಾಹುಕಾರನ ಎದುರಿಗೇ ಇಬ್ಬರೂ ಗಂಟು ಕಟ್ಟುತ್ತಿದ್ದಾಗ ಛತ್ರಿ ಓಡಿಬಂದ. ಉಸಿರು ಮೇಲೆಕೆಳಗೆ ಆಗುತ್ತಿತ್ತು. “ಧಣೀ, ಬಾಗಿಲಲ್ಲಿ ಜನ! ಬೈಸ್ಕೊಳ್ಳೋಕೆ ಬಂದಿದಾರೆ!”

ಸಾಹುಕಾರ ಹೊರಗೆ ಇಣುಕಿದ. ಗಲ್ಲಿಯ ಮೂಲೆಯವರೆಗೆ ಸಾಲು. ಅವನ ಮುಖದ ಉರಿ ಆರಿ, ಅಲ್ಲಿ ಮೆಲ್ಲಗೆ ನೊರೆ ಬಂತು. “ಗಂಟು ಬಿಚ್ಚಮ್ಮ” ಎಂದ. ಮುಂಡೆ ಒಂದೇ ರಾತ್ರಿಯಲ್ಲಿ ಅಮ್ಮ ಆಗಿದ್ದಳು.

ಅಲ್ಲಿಂದ ಮುಂದೆ ಕತ್ತರಿಬಾಯಿಯ ಬಾಯಿ ಅವನ ಅಂಗಡಿಯ ಸರಕಾಯಿತು. “ಇವರಿಗೆ ಸ್ವಲ್ಪ ಜಾಸ್ತಿ ಬೈಯಮ್ಮ, ಹುಟ್ಟಿದ ದಿನ ಅಂತೆ” ಎಂದು ಛತ್ರಿ ಕೇಳುವನು. ಹೊಸದಾಗಿ ಮದುವೆಯಾದವರು ಜೋಡಿಯಾಗಿ ನಿಂತು ಬೈಸಿಕೊಂಡರು. ಕಾಫಿ ಲೋಟಗಳ ಮೇಲೆ ‘ಬೇವರ್ಸಿ’ ಎಂದು ಅಚ್ಚಾಯಿತು. ಅದನ್ನು ನಮಸ್ಕಾರವೆಂದು ತಿಳಿದ ದೂರದ ಮುದುಕನೊಬ್ಬ ಅವಳಿಗೆ ಕೈ ಮುಗಿದು, ಬಹಳ ಗೌರವದಿಂದ “ಬೇವರ್ಸಿ, ಬೇವರ್ಸಿ” ಎಂದು ಹೋದ.

ಮೊದಮೊದಲು ಅವಳಿಗೂ ನಗು ಬಂತು. ಬರಬರುತ್ತ ನಾಲಿಗೆ ಸಪ್ಪೆಯಾಯಿತು. ತಾನು ಎಷ್ಟು ಕೆಟ್ಟದಾಗಿ ಬೈದರೆ ಅವರು ಅಷ್ಟು ಖುಷಿಯಾಗಿ ಚಪ್ಪಾಳೆ ತಟ್ಟುತ್ತಿದ್ದರು. ಒಂದು ಸಂಜೆ ಹೊಸ್ತಿಲು ಎಡವಿ ಹೆಬ್ಬೆರಳು ಒಡೆದು ರಕ್ತ ಬಂತು. ಬೈಯಲು ಬಾಯಿ ತೆರೆದಳು. ಏನೂ ಬರಲಿಲ್ಲ.

“ನೋಡೇ, ನನ್ನ ಬಾಯೂ ಉರುಳೆಗೆ ಹೋಯ್ತು” ಎಂದು ನಾದಿನಿಯ ಪಕ್ಕ ಕುಳಿತಳು. ನಾದಿನಿ ಅವಳ ಬೆರಳಿಗೆ ಎಡಗೈಯಿಂದ ಬಟ್ಟೆ ಸುತ್ತಿದಳು.

ಇಷ್ಟಾದ ಮೇಲೆ ಸಾಹುಕಾರನಿಗೆ ಇನ್ನೊಂದು ಯೋಚನೆ ಬಂತು. ಬಂದವರೆಲ್ಲ ಉರುಳೆ ಎಲ್ಲಿ ಎಂದು ಕೇಳುತ್ತಿದ್ದರು. ಹಿತ್ತಿಲಲ್ಲಿ ತಗಡಿನಡಿ ಬಿದ್ದಿದ್ದ ಯಂತ್ರವನ್ನು ಎತ್ತಿಸಿ ತಂದ, ತುಕ್ಕು ಉಜ್ಜಿಸಿದ, ಮೋಟರು ಸರಿಮಾಡಿಸಿದ. ಕಂಬಿ ಮಾತ್ರ ಹಾಕಿಸಲಿಲ್ಲ.

“ಅವತ್ತು ಹೆಂಗಿತ್ತೋ ಹಂಗೇ ಇರ್ಬೇಕು. ಜನಕ್ಕೆ ನಿಜ ಬೇಕಂತೆ, ಕೊಡೋಣ” ಎಂದು ನಾದಿನಿಯ ಕಡೆ ತಿರುಗಿದ. “ನಾಳೆ ದೊಡ್ಡ ದೊಡ್ಡವರು ಬರ್ತಾರೆ. ಬಿಸಿ ಇರಲ್ಲ ಕಣೇ, ಸುಮ್ನೆ ತಿರುಗುತ್ತೆ. ನೀನು ಕೈನ ಹತ್ರ ಹಿಡ್ದು ‘ಅಯ್ಯೋ’ ಅನ್ನು, ಅಷ್ಟೇ. ಮಾತು ಬರ್ದಿದ್ರೂ ಅಯ್ಯೋ ಬರುತ್ತಲ್ಲ?”

“ಅಷ್ಟು ಆಸೆ ಇದ್ರೆ ನಿನ್ನ ಕೈ ಇಡು” ಎಂದಳು ಕತ್ತರಿಬಾಯಿ.

“ನನ್ನ ಕೈ ನೋಡೋಕೆ ಯಾರು ಬರ್ತಾರೆ?”

ಸಂಜೆ ಕೋಣೆಯಲ್ಲಿ ಕತ್ತರಿಬಾಯಿ ಪಾತ್ರೆಗಳನ್ನು ಚೀಲಕ್ಕೆ ತುಂಬಿದಳು. “ಹೋಗೋಣ ನಡೀ. ಬಸ್‌ ನಿಲ್ದಾಣದಲ್ಲಿ ಮಲಗಿದ್ರೂ ಆಯ್ತು, ಇವನ ಚಿಲಕ ಬೇಡ. ಈಗ್ಲೇ ಹೋಗೋಣ.”

ನಾದಿನಿ ಚಪ್ಪಟೆ ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಬೇಡವೆಂದು ತಲೆಯಾಡಿಸಿದಳು. ನಾಳೆ ಎಂಬಂತೆ ಉರುಳೆಯ ಕಡೆ ಗಲ್ಲ ಎತ್ತಿದಳು.

“ಹುಚ್ಚು ಹಿಡೀತಾ? ಅದರ ಮುಂದೆ ನಿಲ್ತೀಯಾ?”

ನಾದಿನಿ ಹೂಂ ಎಂದು ತಲೆಯಾಡಿಸಿ, ಮತ್ತೆ ಎಣ್ಣೆ ತಿಕ್ಕತೊಡಗಿದಳು. ಅತ್ತಿಗೆಗೆ ಏನೂ ತಿಳಿಯಲಿಲ್ಲ. ಆದರೂ ಒಂದೊಂದಾಗಿ ಸಾಮಾನು ಕಟ್ಟಿ ಬಾಗಿಲ ಬಳಿ ಇಟ್ಟಳು.

ಮರುದಿನ ಅಂಗಡಿ ಗಿಜಿಗುಟ್ಟುತ್ತಿತ್ತು. ಸಾಹುಕಾರ ಹೊಸ ಬಟ್ಟೆ ಹಾಕಿ, ಬಂದವರಿಗೆಲ್ಲ ಕೈ ಕುಲುಕಿದ. ಛತ್ರಿ ಛತ್ರಿಯೆತ್ತಿ, ಇದು ನೊಂದ ಹೆಣ್ಣಿನ ಸತ್ಯಕಥೆ ಎಂದು ಶುರುಮಾಡಿದ. ನಾದಿನಿ ಬಂದು ಯಂತ್ರದ ಮುಂದೆ ನಿಂತಳು. ಅವಳ ಕಾಲಲ್ಲಿ ಹೊಸ ಚಪ್ಪಲಿಗಳಿದ್ದವು. ಸಾಹುಕಾರ ನೋಡಿದ; ಜನರೆದುರು ಏನೂ ಅನ್ನಲಾಗಲಿಲ್ಲ.

ಯಾರೋ ಸ್ವಿಚ್ಚು ಒತ್ತಿದರು. ಉರುಳೆ ಗುರ್ರೆಂದು ಎದ್ದಿತು. ಅಂದು ಕಿತ್ತ ಸ್ವಿಚ್ಚು ಇನ್ನೂ ಕೈಯಲ್ಲೇ ಇದೆಯೇನೋ ಎಂಬಂತೆ ಕತ್ತರಿಬಾಯಿಯ ಮುಷ್ಟಿ ಬಿಗಿಯಿತು. ನಾದಿನಿಯ ಕಣ್ಣು ಉರುಳೆಯ ಮೇಲೇ ಇತ್ತು, ಬಹಳ ದಿನದ ನಂತರ ಎದುರಾದ ಸಾಲಗಾರನನ್ನು ನೋಡುವ ಹಾಗೆ.

ಅವಳು ಕೈ ಚಾಚದ್ದನ್ನು ಕಂಡು ಸಾಹುಕಾರ ಪಕ್ಕಕ್ಕೆ ಬಂದ. ಜನರ ಕಡೆ ನಗುತ್ತಲೇ ಅವಳ ಮಣಿಕಟ್ಟು ಹಿಡಿದ. “ಹತ್ರ ಹಿಡಿಯೇ ದರಿದ್ರದೋಳೆ” ಎಂದು ಹಲ್ಲು ಕಚ್ಚಿ, ಉರುಳೆಯ ಕಡೆ ಎಳೆದ. “ಇನ್ನೂ ಹತ್ರ.”

ಬೆಳಿಗ್ಗೆಯೂ ಎಣ್ಣೆ ಹಚ್ಚಿದ್ದ ಕೈ ಅವನ ಹಿಡಿತದಿಂದ ಸರಕ್ಕನೆ ಜಾರಿತು. ಜಾರಿ ಹಿಂದಕ್ಕೆ ಹೋಯಿತು. ಹಿಂದಕ್ಕೆ ಹೋದದ್ದು ಪೂರ್ತಿ ಬಲದಿಂದ ಮುಂದಕ್ಕೆ ಬಂತು.

ಒದ್ದೆ ಚಾದರವನ್ನು ಕಲ್ಲಿಗೆ ಬಡಿದ ಸದ್ದು. ಸಾಹುಕಾರನ ಕನ್ನಡಕ ಹೂಗಿಡದ ತೊಟ್ಟಿಗೆ ಹಾರಿತು. ಅವನ ಕೆನ್ನೆಯ ಮೇಲೆ ಬೆರಳುಗಳ ಗುರುತು ಮೂಡಲಿಲ್ಲ. ಒಂದೇ ಅಗಲವಾದ ಕೆಂಪು.

ಹಿಂದಿನಿಂದ ಒಬ್ಬರು ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ತಟ್ಟಿದರು. ಇದೂ ಆಟದ ಭಾಗವೆಂದು ಇಡೀ ಅಂಗಡಿ ಎದ್ದು ನಿಂತು ಚಪ್ಪಾಳೆ ತಟ್ಟಿತು. ಒಬ್ಬ ಸಿಳ್ಳೆ ಹೊಡೆದ.

“ನಿನ್ನ ಹೆಣ ಎತ್ತುಸ್ತೀನಿ ಕಣೇ” ಎಂದು ಸಾಹುಕಾರ ಉಸುರಿದ. ಏನಂದರು ಎಂದು ದೊಡ್ಡವರೊಬ್ಬರು ಕೇಳಿದರು. ಛತ್ರಿಗೆ ಅಭ್ಯಾಸಬಲ, “ನನ್ನ ತಪ್ಪಿಗೆ ಇದು ಸಣ್ಣ ಶಿಕ್ಷೆ ಅಂತಿದಾರೆ” ಎಂದುಬಿಟ್ಟ. ಚಪ್ಪಾಳೆ ಇಮ್ಮಡಿಯಾಯಿತು. ಸಾಹುಕಾರನಿಗೆ ನಗದೆ ವಿಧಿಯಿರಲಿಲ್ಲ. ನಕ್ಕ.

“ಇನ್ನೊಂದ್ಸಲ!” ಎಂದು ಯಾರೋ ಕೂಗಿದರು. “ನನ್ನ ಫೋನಲ್ಲಿ ಬರ್ಲಿಲ್ಲ, ಇನ್ನೊಂದ್ಸಲ!”

ಕತ್ತರಿಬಾಯಿ ಬಾಗಿಲ ಬಳಿಯ ಗಂಟುಗಳನ್ನು ಎರಡೂ ಕೈಗೆ ಎತ್ತಿಕೊಂಡಳು. ಇವತ್ತು ಆಚೆ ಹೋದರೆ ಎಲ್ಲಿ, ಹಿಂದೆ ಪೊಲೀಸರು ಬರುತ್ತಾರೋ ಅವನ ಆಳುಗಳು ಬರುತ್ತಾರೋ, ಒಂದೂ ಗೊತ್ತಿರಲಿಲ್ಲ. “ಬಾರೇ, ಸಾಕು” ಎಂದು ಕರೆಯಲು ಹೋದವಳು ಅಲ್ಲೇ ನಿಂತಳು. ನಾದಿನಿಯ ತುಟಿ ಅಲುಗುತ್ತಿತ್ತು.

“ಧಣಿ” ಎಂದಳು ನಾದಿನಿ. ಬಳಸದೆ ಬಿಟ್ಟ ಬಾಗಿಲು ತೆರೆದಂತೆ ದನಿ ಕಿರುಗುಟ್ಟಿತು. “ಸ್ವಲ್ಪ ಈ ಕಡೆ ತಿರುಗಿ. ಎಲ್ರಿಗೂ ಕಾಣ್ಬೇಕಲ್ಲ.”

ಫೋನುಗಳೆಲ್ಲ ಮೇಲಕ್ಕೆದ್ದವು. ಸಾಹುಕಾರ ನಗುತ್ತಲೇ ತಿರುಗಿದ. ಅವಳು ಕೈ ಎತ್ತಿದಳು.