ಶುಕ್ರವಾರದ ರುಜು

ಬೀದಿಯವರೆಲ್ಲ ಅವನನ್ನು ಡ್ರೈವರ್ ಮಾವ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿ ಒಂದು ನಾಯಿಗೂ ಚಕ್ರ ತಾಗಿಸದವನು. ಅಂಥವನ ಬಸ್ಸು ಒಂದು ಗುರುವಾರ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಟೀಚರೊಬ್ಬರ ಸ್ಕೂಟರಿಗೆ ಗುದ್ದಿತು. ಆಕೆಯ ಒಂದು ಕಾಲು ಹೋಯಿತು, ಇವನ ಪಕ್ಕೆಲುಬು ಮುರಿಯಿತು. ಬೆಳಿಗ್ಗೆ ಬ್ರೇಕು ನೋಡದೆ ಹೊರಟದ್ದು ಚಾಲಕನ ನಿರ್ಲಕ್ಷ್ಯ ಎಂದು ಕೆಳಗಿನ ಕೋರ್ಟು ತೀರ್ಪು ಕೊಟ್ಟಿತು. ಲೈಸೆನ್ಸು ರದ್ದಾಯಿತು.

ಲೈಸೆನ್ಸು ಹೋದದ್ದಕ್ಕಿಂತ, ನೋಡಲಿಲ್ಲ ಎಂಬ ಮಾತಿಗೆ ಮಾವನ ಮೈ ಉರಿಯಿತು. ಮೇಲ್ಮನವಿ ಹಾಕಿಸಿದ.

"ದಿನಾ ನೋಡ್ತೀನಿ, ನೋಡೇ ರುಜು ಹಾಕ್ತೀನಿ. ಡಿಪೋದ ಬ್ರೇಕ್ ತಪಾಸಣೆ ರಿಜಿಸ್ಟರ್ ತರಿಸಿ, ಅದೇ ಹೇಳುತ್ತೆ!" ಎಂದು ಲಾಯರಮ್ಮನ ಮೇಜು ಕುಟ್ಟಿದ.

"ಅದ್ಯಾಕೆ ಬಿಡಿ, ಬ್ರೇಕಿನ ಪೈಪ್ ತೂತಾಗಿತ್ತು ಅಂತ ವಾದ ಮಾಡೋಣ," ಎಂದಳು ಆಕೆ. ಕೇಳಿದರೆ ತಾನೇ? ಹಟಕ್ಕೆ ಬಿದ್ದರೆ ಅವನು ಬ್ರಹ್ಮ ಬಂದರೂ ಜಗ್ಗುವವನಲ್ಲ.

ಗ್ರೀಸು ಮೆತ್ತಿದ ರಿಜಿಸ್ಟರು ಮೇಲಿನ ಕೋರ್ಟಿಗೆ ಬಂತು. ಮುಂದಿನ ಬೆಂಚಿನಲ್ಲಿ ಟೀಚರು ಊರುಗೋಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನ್ಯಾಯಾಧೀಶರು ಹಾಳೆ ತಿರುಗಿಸಿದರು.

"ಗುರುವಾರ ರುಜು ಇದೆ."

ಮಾವ ಹಿಂದಿನ ಬೆಂಚಿನಲ್ಲಿದ್ದ ಹೆಂಡತಿಯ ಕಡೆ ನೋಡಿ ಮೀಸೆ ತಿರುವಿದ.

"ಶುಕ್ರವಾರವೂ ಇದೆ. ಶನಿವಾರವೂ ಇದೆ. ಶುಕ್ರವಾರ ನೀವು ಎಲ್ಲಿದ್ರಿ?"

"ಆಸ್ಪತ್ರೇಲಿ, ಸ್ವಾಮಿ..."

ಹೇಳಿದ ಮೇಲೆ ಅವನಿಗೆ ಹೊಳೆಯಿತು. ಸೋಮವಾರ ಬೆಳಿಗ್ಗೆಯೇ ಆರೂ ದಿನದ ರುಜು ಗೀಚಿಬಿಡುವುದು ಡಿಪೋದ ರೂಢಿ. ಪೆನ್ನು ಒಂದು, ಕ್ಯೂ ಮಾರುದ್ದ; ಎಲ್ಲರೂ ಹಾಗೇ ಮಾಡುತ್ತಿದ್ದರು. ಅದು ತಪ್ಪು ಎಂದು ಯಾರಿಗೂ ಅನಿಸಿರಲಿಲ್ಲ. ರುಜು ಇದ್ದ ಮೇಲೆ ನೋಡಿಯೇ ಇರುತ್ತೇನೆ ಎಂದು ಅವನು ನಂಬಿದ್ದ. ದೇವರಾಣೆಗೂ ಸುಳ್ಳು ಹೇಳಿರಲಿಲ್ಲ. ಈಗ ಆ ಗುರುವಾರವನ್ನು ನೆನೆದರೆ ಟೀ ಕುಡಿದದ್ದು, ಕಂಡಕ್ಟರನ ಜೊತೆ ನಕ್ಕದ್ದು, ಗೇಟು ದಾಟಿದ್ದು ಎಲ್ಲ ಇತ್ತು. ಬ್ರೇಕು ಒತ್ತಿ ನೋಡಿದ್ದು ಮಾತ್ರ ಎಲ್ಲೂ ಇರಲಿಲ್ಲ.

ಲಾಯರಮ್ಮ ಕಿವಿಯಲ್ಲಿ ಉಸುರಿದಳು: "ಶುಕ್ರವಾರ, ಶನಿವಾರದ್ದು ಬೇರೆ ಯಾರೋ ಹಾಕಿರಬೇಕು ಅನ್ನಿ. ಇನ್ನೂ ಉಳ್ಕೋಬಹುದು."

ಟೀಚರು ಅವನನ್ನೇ ನೋಡುತ್ತಿದ್ದರು.

"ನಂದೇ ರುಜು, ಸ್ವಾಮಿ," ಎಂದ. ಆಮೇಲೆ ಟೀಚರ ಕಡೆ ತಿರುಗಿದ. "ನಾನು ಅವತ್ತು ಬ್ರೇಕು ನೋಡೇ ಇಲ್ಲಮ್ಮ. ಈಗಿನ ತನಕ ನನಗೇ ಗೊತ್ತಿರಲಿಲ್ಲ."